ಹಾಡಿಗೂ ಒಂದು ಅಡ್ಡಹೆಸರು

ಕಬ್ಬಿನ ಹಂಗಾಮು ಶುರುವಾದರೆ ಜಮಖಂಡಿ, ಮುಧೋಳ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಪೆನ್‌ಡ್ರೈವ್ ತುಂಬಿಸುವುದಕ್ಕೂ ಹಂಗಾಮು. ಟ್ರ್ಯಾಕ್ಟರ್ ಡ್ರೈವರ್ ಗಡಿಬಿಡಿಯಲ್ಲಿ ಬಂದು 'ಅಣ್ಣಾ, ನಾಗರಹಾವು ಹಾಡ ಹಾಕ್ರಿ' ಅಂತಾನೆ. 'ಯಾವ ನಾಗರಹಾವಪಾ?' ಅಂತ ಕೇಳದೆ ಹಾಕಿಕೊಟ್ಟ ಅಂಗಡಿಯವ ಮರುದಿನ ಬೈಸಿಕೊಳ್ಳುತ್ತಾನೆ. 1972ರದ್ದು ವಿಷ್ಣುವರ್ಧನ್, 2002ರದ್ದು ಉಪೇಂದ್ರ, 2016ರದ್ದು ಮತ್ತೆ ವಿಷ್ಣುವರ್ಧನ್, ಆದರೆ ಗ್ರಾಫಿಕ್ಸ್‌ನಲ್ಲಿ. ಬೇಕಾಗಿದ್ದದ್ದು ಪಿ.ಬಿ. ಶ್ರೀನಿವಾಸರ 'ಬಾರೇ ಬಾರೇ'; ಪೆನ್‌ಡ್ರೈವ್‌ನಲ್ಲಿ ಬುಸುಗುಟ್ಟಿದ್ದು ಬೇರೆ ಹಾವು.

ಮನುಷ್ಯರ ಮಟ್ಟಿಗೆ ನಮ್ಮ ಕಡೆ ಈ ತಕರಾರು ಎಂದೋ ಬಗೆಹರಿದಿದೆ. ಒಂದೇ ಓಣಿಯಲ್ಲಿ ನಾಲ್ವರು ಬಸವರಾಜರಿದ್ದರೆ ಒಬ್ಬ ಉಳ್ಳಾಗಡ್ಡಿ, ಒಬ್ಬ ಮೆಣಸಿನಕಾಯಿ, ಒಬ್ಬ ಬಡಿಗೇರ, ಇನ್ನೊಬ್ಬ ಪಟ್ಟಣಶೆಟ್ಟಿ. ಪೋಸ್ಟಿನವ ಮನೆ ತಪ್ಪುವುದಿಲ್ಲ. ಹಾಡಿಗೆ ಅಡ್ಡಹೆಸರಂತೂ ಇಲ್ಲ, ಹೆಸರೂ ಇಲ್ಲ. ಪಲ್ಲವಿಯ ಮೊದಲ ಎರಡು ಪದಗಳ ಮೇಲೆಯೇ ಅದರ ಸಂಸಾರ. ನಿಸಾರ್ ಅಹಮದರು ಇಟ್ಟ ಹೆಸರು 'ನಿತ್ಯೋತ್ಸವ', ಜನ ಕೇಳುವುದು 'ಜೋಗದ ಸಿರಿ'. 'ಯಾರೇ ನೀನು' ಎಂದಷ್ಟೇ ಅಂದರೆ 1985ರ 'ನಾನು ನನ್ನ ಹೆಂಡ್ತಿ'ಯ ರೋಜಾ ಹೂವೋ, 1998ರ ಚಿತ್ರದ ಚೆಲುವೆಯೋ?

ಶುಕ್ರವಾರ ಮುಂಜಾನೆಯ ಫಜೀತಿಯೇ ಬೇರೆ. ದೇವರ ಮುಂದೆ ಊದುಬತ್ತಿ ಹಚ್ಚಿ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂದು ಹುಡುಕಿದರೆ 1986ರ ರಾಜಕುಮಾರ್ ಚಿತ್ರದ ಹಾಡುಗಳೂ ಸಾಲಾಗಿ ಬಂದು ಕೂಡುತ್ತವೆ. ಮುಂದೆ 'ಪುರಂದರದಾಸ' ಎಂದೋ 'ಭೀಮಸೇನ ಜೋಶಿ' ಎಂದೋ ಸೇರಿಸಿದರೆ ಲಕ್ಷ್ಮಿ ದಾರಿ ತಪ್ಪುವುದಿಲ್ಲ. ಹಾಡಿನ ಸಾಲೇ ಚಿತ್ರವಾಗುವುದೂ ಉಂಟು: ಪುಟ್ಟ ಪುನೀತ್ ಹಾಡಿದ 'ಬಾನ ದಾರಿಯಲ್ಲಿ' 1981ರ 'ಭಾಗ್ಯವಂತ'ದ್ದು, ಅದೇ ಹೆಸರಿನ ಚಿತ್ರ ಬಂದದ್ದು 2023ರಲ್ಲಿ. ಇನ್ನು 'ಭಾಗ್ಯವಂತ'ನನ್ನು ಕೇಳಿದವರಿಗೆ 1977ರ 'ಭಾಗ್ಯವಂತರು' ಸಿಕ್ಕರೆ ತಪ್ಪು ಯಾರದು? ಒಂದಕ್ಷರದ್ದು.

ಫೋನಿನ ಪ್ಲೇಯರಿಗೆ ಕಿವಿ ಇಲ್ಲ, ಕಣ್ಣಷ್ಟೇ. ಅದು ನೋಡುವುದು ಫೈಲಿನೊಳಗಿನ ಟ್ಯಾಗನ್ನು, ಅಂದರೆ ಹಾಡು, ಆಲ್ಬಮ್, ಇಸವಿ ಬರೆದಿಟ್ಟ ಚೀಟಿಯನ್ನು. ಆಲ್ಬಮ್ ಖಾನೆಯಲ್ಲಿ ಬರೀ 'ಗಂಧದ ಗುಡಿ' ಎಂದಿದ್ದರೆ 1973ರ ರಾಜನ್-ನಾಗೇಂದ್ರರನ್ನೂ 2022ರ ಅಜನೀಶ್ ಲೋಕನಾಥರನ್ನೂ ಹೆಚ್ಚಿನ ಪ್ಲೇಯರುಗಳು ಒಂದೇ ಗಂಟಿಗೆ ಕಟ್ಟುತ್ತವೆ. ಟ್ಯಾಗ್ ತಿದ್ದುವ ಆ್ಯಪ್ ತೆರೆದು ಆಲ್ಬಮ್ ಹೆಸರಿನ ಬೆನ್ನಿಗೇ ಇಸವಿ ಹಚ್ಚಬೇಕು: 'ಗಂಧದ ಗುಡಿ 1973'. ಇಸವಿಗೆಂದೇ ಬೇರೆ ಖಾನೆ ಇದೆಯಲ್ಲ ಎಂದು ಅಲ್ಲಿ ಮಾತ್ರ ಬರೆದರೆ ಗಂಟು ಬಿಚ್ಚದೇ ಇರಬಹುದು. ಆಲ್ಬಮ್ ಆರ್ಟಿಸ್ಟ್ ಖಾನೆಯಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿ. ಒಂದೊಂದು ಹಾಡಿಗೆ ಒಬ್ಬೊಬ್ಬ ಗಾಯಕರನ್ನು ಹಾಕಿದರೆ ಒಂದೇ ಚಿತ್ರ ಆರು ಚೂರಾಗುತ್ತದೆ.

ಟ್ರ್ಯಾಕ್ಟರಿನಲ್ಲಿ ಪೆನ್‌ಡ್ರೈವ್ ಚುಚ್ಚಿ ಹಾಡು ಕೇಳುವ ಡಬ್ಬಿಯ ಜಾಯಮಾನ ಇನ್ನೊಂದು. ಹಳೆಯ ಡಬ್ಬಿಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕಗಳು ಕಾಣುತ್ತವೆ, ಹಾಗಾಗಿ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ. ಎಷ್ಟೋ ಡಬ್ಬಿಗಳು ಹೆಸರಿನ ಅನುಕ್ರಮ ನೋಡುವುದೇ ಇಲ್ಲ, ಕಾಪಿ ಮಾಡಿದ ಕ್ರಮದಲ್ಲೇ ಬಾರಿಸುತ್ತವೆ. ಅದಕ್ಕೇ ಚಿತ್ರಕ್ಕೊಂದು ಫೋಲ್ಡರ್ ಮಾಡಿ ಒಂದೊಂದಾಗಿ ಹಾಕುವುದು ವಾಸಿ. ಹೆಸರಿನ ಮುಂದೆ ಅಂಕಿ ಕೊಡುವುದಾದರೆ 1 ಅಲ್ಲ, 01. ಇಲ್ಲದಿದ್ದರೆ ಒಂದನೆಯದರ ಹಿಂದೆಯೇ ಹತ್ತನೆಯದು ಓಡಿಬರುತ್ತದೆ.

ಬಯಲಾಟದ ಹುಚ್ಚಿನವರಿಗೆ ಹೀಗೆ ಹೆಸರಿನ ಜೊತೆ ಊರು ಹಚ್ಚುವುದು ಹೊಸದಲ್ಲ. 'ಶ್ರೀಕೃಷ್ಣ ಪಾರಿಜಾತ' ಬರೆದವ ತಮ್ಮಣ್ಣ. ಅದನ್ನು ತಿದ್ದಿ ಬೆಳೆಸಿ ರಂಗಕ್ಕೆ ತಂದವನೂ ತಮ್ಮಣ್ಣನೇ! ಮೊದಲಿನವ ಅಪರಾಳ, ಎರಡನೆಯವ ನಮ್ಮ ಬೆಳಗಾವಿ ಜಿಲ್ಲೆಯ ಕುಲಗೋಡ. ಅದರಲ್ಲಿ ಹೆಸರಾದ ನಿಂಗಮ್ಮನನ್ನೂ ಜನ ಕರೆದದ್ದು ಕೌಜಲಗಿ ನಿಂಗಮ್ಮ ಎಂದೇ. ಇವತ್ತಿಗೂ ಪಾರಿಜಾತದ ರೆಕಾರ್ಡಿಂಗ್ ಹುಡುಕುವ ಹಿರಿಯರು ಮೊದಲು ಕೇಳುವುದು 'ಯಾವೂರ ಮೇಳರೀ?' ಅಂತಲೇ. ಮೇಳ ಬದಲಾದರೆ ಆಟದೊಳಗಿನ ಗೊಲ್ಲತಿ ಪಾತ್ರದ ಮಾತೂ ಬದಲು.