ಬಂಕ್ ಜಾಗ ವಾಪಸ್ ಪಡೆಯುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ

ಪೆಟ್ರೋಲ್ ಬಂಕ್‌ಗೆ ಜಾಗ ಲೀಸಿಗೆ ಕೊಟ್ಟವರು, ಅವಧಿ ಮುಗಿದಾಗ ಟ್ಯಾಂಕ್ ಎತ್ತಿ ಗುಂಡಿ ಮುಚ್ಚಿಕೊಟ್ಟರೆ ಸಾಕು ಎಂದುಕೊಳ್ಳುತ್ತಾರೆ. ಆಮೇಲೆ ಅದೇ ಜಾಗ ಕೊಳ್ಳುವವರು ಇಸಿ, ಖಾತೆ, ಮೂಲಪತ್ರ ಎಲ್ಲವನ್ನೂ ವಕೀಲರಿಗೆ ತೋರಿಸುತ್ತಾರೆ, ಮಣ್ಣನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಸ್ವಾಧೀನ ಪತ್ರಕ್ಕೆ ಸಹಿ ಬೀಳುವ ಮೊದಲು, ಗುಂಡಿ ತೆರೆದಿರುವಾಗಲೇ, ಪೆಟ್ರೋಲ್ ಡೀಸೆಲ್ ಮಣ್ಣಿಗೆ ಸೋರಿದೆಯೇ ಎಂಬ ಪರೀಕ್ಷೆ ಆಗಬೇಕು. ಗುಂಡಿ ಮುಚ್ಚಿದ ಮೇಲೆ ಖರ್ಚೂ ಜಾಸ್ತಿ, ಸೋರಿಕೆ ಯಾರ ಕಾಲದ್ದೆಂದು ಸಾಬೀತು ಮಾಡುವುದೂ ಕಷ್ಟ.

ಮೊದಲು ಕಾಗದ. ಬಂಕ್‌ಗೆ ಲೈಸೆನ್ಸ್ ಕೊಡುವ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ ಮಂಜೂರು ಮಾಡಿದ ನಕ್ಷೆಯಲ್ಲಿ ಟ್ಯಾಂಕ್, ಪೈಪ್, ಫಿಲ್ ಪಾಯಿಂಟ್ (ಟ್ಯಾಂಕರ್‌ನಿಂದ ಎಣ್ಣೆ ಇಳಿಸುವ ಬಾಯಿ) ಎಲ್ಲಿವೆ ಎಂದು ಇರುತ್ತದೆ. ನಡುವೆ ಎಂದಾದರೂ ಟ್ಯಾಂಕ್ ಬದಲಿಸಿದ್ದರೆ ಹಳೆಯ ನಕ್ಷೆಯನ್ನೂ ಕೇಳಿ ಪಡೆಯಿರಿ. ಸ್ಟಾಕ್ ರಿಜಿಸ್ಟರ್‌ನಲ್ಲಿ ತಿಂಗಳುಗಟ್ಟಲೆ ಒಂದೇ ಟ್ಯಾಂಕ್‌ನ ಲೆಕ್ಕ ಕಡಿಮೆ ಬಂದಿದೆಯೇ ನೋಡಿ. ಸೀಸದ ಪೆಟ್ರೋಲ್ ದೇಶದಲ್ಲಿ ನಿಂತದ್ದು 2000ನೇ ಇಸವಿಯಲ್ಲಿ. ಅದಕ್ಕಿಂತ ಹಳೆಯ ಬಂಕ್ ಆಗಿದ್ದರೆ ಸೀಸ ಮತ್ತು ಅದರ ಜೊತೆ ಬೆರೆಸುತ್ತಿದ್ದ ಎಥಿಲೀನ್ ಡೈಬ್ರೊಮೈಡ್ ಎರಡನ್ನೂ ಪರೀಕ್ಷೆಗೆ ಸೇರಿಸಬೇಕು.

ಟ್ಯಾಂಕ್ ಎತ್ತುವಾಗ ಜೀವಕ್ಕೇ ಅಪಾಯವಿದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಈ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಆದ್ದರಿಂದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಗ್ಯಾಸ್ ಮೀಟರ್ ಹಿಡಿದು ನೋಡದೆ ಯಾರನ್ನೂ ಒಳಗೆ ಇಳಿಸಬಾರದು, ಗ್ಯಾಸ್ ಕಟರ್ ಹತ್ತಿರ ತರಬಾರದು.

ಎತ್ತಿದ ಟ್ಯಾಂಕನ್ನು ಗುಜರಿಗೆ ಕಳಿಸುವ ಮೊದಲು ಮಣ್ಣು ಕೆರೆದು, ಎಣ್ಣೆಯ ಮಟ್ಟ ಅಳೆಯುವ ಕೋಲು (ಡಿಪ್ ರಾಡ್) ಇಳಿಸುವ ಡಿಪ್ ಪೈಪ್‌ನ ನೇರ ಕೆಳಗಿನ ತಳ ನೋಡಿ. ದಿನಾ ಡಿಪ್ ರಾಡ್ ಬಡಿಯುವುದು ಆ ಒಂದೇ ಜಾಗಕ್ಕೆ. ರಕ್ಷಣೆಯ ತಗಡು ಹಾಕಿರದಿದ್ದರೆ ಅಲ್ಲಿ ಲೋಹ ಸವೆಯುತ್ತದೆ, ತಳದಲ್ಲಿ ನಿಂತ ನೀರು ಅದನ್ನೇ ತಿನ್ನುತ್ತದೆ. ಬೆರಳ ತುದಿಯಷ್ಟು ತೂತು, ಸುತ್ತ ಕಪ್ಪಾದ ಮರಳು ಕಂಡರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಟ್ಯಾಂಕ್ ಗಟ್ಟಿಯಾಗಿದೆ ಎಂದು ಸಮಾಧಾನ ಪಡುವಂತಿಲ್ಲ: ಪೈಪ್ ಜಾಯಿಂಟ್, ಗಾಡಿಗೆ ಎಣ್ಣೆ ಹಾಕುವ ಡಿಸ್ಪೆನ್ಸರ್ ಯಂತ್ರದ ಬುಡ, ಟ್ಯಾಂಕರ್ ಖಾಲಿ ಮಾಡುವ ಫಿಲ್ ಪಾಯಿಂಟ್, ಈ ಮೂರೂ ಕಡೆ ಸೋರಿಕೆ ಸಾಮಾನ್ಯ.

ಮಾದರಿ ತೆಗೆಯುವಾಗ ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ಟ್ಯಾಂಕ್ ಸುತ್ತ ತುಂಬಿದ ಮರಳನ್ನೇ ತೆಗೆದು ಕಳಿಸುತ್ತಾರೆ. ಬೇಕಾದದ್ದು ಅದರ ಕೆಳಗಿನ ಮೂಲ ಮಣ್ಣು, ಒಂದೆರಡು ಅಡಿ ಆಳದ್ದು: ಪ್ರತಿ ಟ್ಯಾಂಕ್‌ನ ಎರಡೂ ತುದಿಯಲ್ಲಿ, ಪ್ರತಿ ಡಿಸ್ಪೆನ್ಸರ್ ಕೆಳಗೆ, ಪೈಪ್ ಸಾಲಿನಲ್ಲಿ ಸುಮಾರು 6 ಮೀಟರ್‌ಗೊಂದು. ಎರಡು, ನಾಲ್ಕು ಕಡೆಯ ಮಣ್ಣನ್ನು ಬಾಣಲಿಯಲ್ಲಿ ಬಿಸಿಲಿಗೆ ಹರವಿ ಕಲಸುತ್ತಾರೆ. ಅಷ್ಟರಲ್ಲಿ ಪೆಟ್ರೋಲ್‌ನಲ್ಲಿರುವ, ಬೇಗ ಆವಿಯಾಗುವ ವಿಷ ಬೆಂಜೀನ್ ಹಾರಿಹೋಗಿರುತ್ತದೆ, ವರದಿ ಚೊಕ್ಕಟವಾಗಿ ಬರುತ್ತದೆ. ಅಗೆದ ಕೂಡಲೇ ಮೆಥನಾಲ್ ಇರುವ ಬಾಟಲಿಗೆ ಹಾಕಿ, ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿ ಆಸುಪಾಸಿನಲ್ಲಿ ಇಟ್ಟು ಲ್ಯಾಬ್‌ಗೆ ಮುಟ್ಟಿಸಬೇಕು. ಸ್ಥಳದಲ್ಲೇ ಹಿಡಿದು ಆವಿ ಅಳೆಯುವ ಪಿಐಡಿ ಮೀಟರ್ ಎಲ್ಲಿ ಹೆಚ್ಚು ಅಗೆಯಬೇಕೆಂದು ತೋರಿಸುತ್ತದೆ, ಅಷ್ಟೇ. ಡೀಸೆಲ್ ಅಷ್ಟಾಗಿ ಆವಿಯಾಗದ ಕಾರಣ ಅದು ಮೀಟರ್‌ಗೆ ಸರಿಯಾಗಿ ಸಿಗುವುದಿಲ್ಲ.

ನೀರಿನ ವಿಚಾರ ಬೆಂಗಳೂರಿನಂಥ ಊರಲ್ಲಿ ಇನ್ನೂ ಸೂಕ್ಷ್ಮ. ಮೇಲೆ ಮಣ್ಣು, ಕೆಳಗೆ ಶಿಥಿಲ ಶಿಲೆ, ಅದರ ಕೆಳಗೆ ಬಿರುಕಿರುವ ಗಟ್ಟಿ ಬಂಡೆ. ನೀರಿನ ಮೇಲೆ ತೇಲುವ ಪೆಟ್ರೋಲ್ ಶಿಥಿಲ ಶಿಲೆಯಲ್ಲಿ ನಿಲ್ಲುತ್ತದೆ, ಕರಗಿದ ಭಾಗ ಬಿರುಕು ಹಿಡಿದು ಎತ್ತಲೋ ಹೋಗುತ್ತದೆ. ಪಕ್ಕದ ಆಳದ ಬೋರ್‌ವೆಲ್ ನೀರು ಚೆನ್ನಾಗಿದೆ ಎನ್ನುವುದು ಪುರಾವೆಯೇ ಅಲ್ಲ. ಅದರ ಕೇಸಿಂಗ್ ಮೇಲಿನ ಪದರವನ್ನೇ ಮುಚ್ಚಿಬಿಟ್ಟಿರುತ್ತದೆ. ಕನಿಷ್ಠ ಮೂರು ವೀಕ್ಷಣಾ ಬಾವಿ ತ್ರಿಕೋನದಲ್ಲಿ ಬೇಕು, ಆಗಲೇ ನೀರು ಹರಿಯುವ ದಿಕ್ಕು ತಿಳಿಯುತ್ತದೆ. ಈ ಬಾವಿಗೆ ಇಳಿಸುವ ತೂತಿನ ಪೈಪ್ ನೀರಿನ ಮಟ್ಟಕ್ಕಿಂತ ಮೇಲಿನಿಂದಲೇ ಶುರುವಾಗಬೇಕು, ಇಲ್ಲವಾದರೆ ತೇಲುವ ಎಣ್ಣೆ ಬಾವಿಯೊಳಗೆ ಬರುವುದೇ ಇಲ್ಲ. ಎರಡು ಇಂಚಿನ ಬಾವಿಯಲ್ಲಿ ಮೀಟರ್‌ಗೆ ಸುಮಾರು 2 ಲೀಟರ್ ನೀರಿರುತ್ತದೆ. 3 ಮೀಟರ್ ನೀರಿದ್ದರೆ ಅದರ ಮೂರು ಪಟ್ಟು, ಅಂದರೆ 18 ಲೀಟರ್ ನಿಧಾನವಾಗಿ ಹೊರತೆಗೆದು ಆಮೇಲೆ ಮಾದರಿ ಹಿಡಿಯುವುದು ರೂಢಿ. ಮಾದರಿ ತುಂಬುವ 40 ಮಿಲಿಲೀಟರ್ ಸೀಸೆಯಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯಬಾರದು, ಬೆಂಜೀನ್ ಅದಕ್ಕೆ ಸೇರಿಬಿಡುತ್ತದೆ.

ಮಳೆಗಾಲದ ಬೆನ್ನಿಗೇ ಒಂದು ಸಲ ಅಳೆದು 'ಎಣ್ಣೆ ಇಲ್ಲ' ಎಂದು ಬರೆದುಕೊಟ್ಟರೆ ಒಪ್ಪಬೇಡಿ. ನೀರು ಏರಿದಾಗ ಎಣ್ಣೆ ಮಣ್ಣಿನ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಬಾವಿಗೆ ಬರುತ್ತದೆ. ಏಪ್ರಿಲ್‌ನಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಅಳೆಯಲೇಬೇಕು.

ಇಷ್ಟೆಲ್ಲ ಯಾಕೆ ಎಂದರೆ, ಕುಡಿಯುವ ನೀರಿನಲ್ಲಿ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರ್‌ಗೆ 10 ಮೈಕ್ರೋಗ್ರಾಂ. ಶೇ 1 ಬೆಂಜೀನ್ ಇರುವ ಒಂದು ಲೀಟರ್ ಪೆಟ್ರೋಲ್‌ನಲ್ಲಿ ಅದು ಸುಮಾರು 8.8 ಗ್ರಾಂ. ಲೆಕ್ಕ ಹಾಕಿದರೆ 8.8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಅಷ್ಟು ಸಾಕು. ಈಗ ಅಂಥ ಜಾಗದಲ್ಲಿ ಎರಡು ಬೇಸ್‌ಮೆಂಟ್ ತೋಡಿ, ಹಗಲೂ ರಾತ್ರಿ ನೀರೆತ್ತಿದರೆ ಸುತ್ತಲಿನ ಕೊಳೆ ಅತ್ತಲೇ ಎಳೆದುಬರುತ್ತದೆ. ತೇಲುವ ಎಣ್ಣೆಗೂ ಕಟ್ಟಡದ ತಳಕ್ಕೂ ನಡುವೆ 15 ಅಡಿ ಶುದ್ಧ ಮಣ್ಣಿಲ್ಲದಿದ್ದರೆ ಕಟ್ಟಡದೊಳಗೆ ಆವಿ ನುಗ್ಗುತ್ತದೆಯೇ ಎಂಬ ಪರೀಕ್ಷೆಯೂ ಬೇಕೆಂದು ಅಮೆರಿಕದ ಪರಿಸರ ಸಂಸ್ಥೆಯ 2015ರ ಮಾರ್ಗಸೂಚಿ ಹೇಳುತ್ತದೆ. ಬೇಸ್‌ಮೆಂಟ್ ತೋಡಿದ ಮೇಲೆ ಆ 15 ಅಡಿ ಎಲ್ಲಿ ಉಳಿಯುತ್ತದೆ?

ವಾಸನೆ ಬರುವ ಮಣ್ಣನ್ನು ರಾತ್ರೋರಾತ್ರಿ ಲಾರಿಗೆ ತುಂಬಿ ಕೆರೆ ಅಂಚಿಗೆ ಸುರಿಯುವುದು ಅಪರಾಧ, ಅನ್ಯಾಯ ಕೂಡ. ಟ್ಯಾಂಕ್ ತಳದ ಕೆಸರು ಅಪಾಯಕಾರಿ ತ್ಯಾಜ್ಯ. ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ಘಟಕಕ್ಕೇ ಹೋಗಬೇಕು. ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಯಿತೆಂದು ದಾಖಲಿಸುವ ರವಾನೆ ಪತ್ರದ (ಮ್ಯಾನಿಫೆಸ್ಟ್) ಪ್ರತಿ ಕೇಳಿ ಇಟ್ಟುಕೊಳ್ಳಿ.

ವರದಿ ಕೈಗೆ ಬಂದಾಗ ಒಟ್ಟು ಹೈಡ್ರೋಕಾರ್ಬನ್‌ನ ಒಂದೇ ಅಂಕಿ ಇದ್ದರೆ ಸಾಲದು. ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್, ನಾಫ್ಥಲೀನ್ ಬೇರೆ ಬೇರೆಯಾಗಿ ಇರಬೇಕು. ಲ್ಯಾಬ್‌ಗೆ ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇದ್ದರೂ ಆ ಮಾನ್ಯತೆ ಇವೇ ಪರೀಕ್ಷೆಗಳಿಗೆ ಇದೆಯೇ ಎಂದು ನೋಡಿ. ಹೊಸದಾಗಿ ಲೀಸಿಗೆ ಕೊಡುವವರು ಟ್ಯಾಂಕ್ ಇಳಿಸುವ ಮೊದಲೇ ಇದೇ ಪರೀಕ್ಷೆ ಮಾಡಿಸಿ, ವರದಿಯನ್ನು ಕರಾರಿನ ಅನುಬಂಧವಾಗಿ ಸೇರಿಸಿ. ಲೀಸ್ ಮುಗಿದಾಗ ಮಣ್ಣು ಆ ಸ್ಥಿತಿಗೆ ಬರುವವರೆಗೂ ಬಾಡಿಗೆ ನಡೆಯುತ್ತದೆ ಎಂಬ ಷರತ್ತನ್ನೂ ಬರೆಸಿ.