ಕೋಡಿಗೆ ಅಡ್ಡ ಇಟ್ಟ ಚೀಲಗಳನ್ನು ತೆಗೆಯೋಣ

ನಮ್ಮೂರ ಮೇಲಿನ ಹಳ್ಳಕ್ಕೆ ಕಟ್ಟಿರುವ ಮಣ್ಣಿನ ಕಟ್ಟೆಯ ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರಹರಿಯುವ ದಾರಿಗೆ, ಯಾರೋ ಮರಳಿನ ಚೀಲಗಳನ್ನು ಅಡ್ಡ ಜೋಡಿಸಿದ್ದಾರೆ. ಸುಮಾರು 2 ಅಡಿ ಎತ್ತರ. ನೀರನ್ನು ಸಣ್ಣಗೆ ಹೊರಬಿಡುವ ತೂಬಿನ ಬಾಯಿಗೂ ಗೋಣಿ ತುರುಕಿದ್ದಾರೆ. ಬೆಳಿಗ್ಗೆ ಕಣ್ಣಾರೆ ನೋಡಿ ಬಂದೆ. ಉತ್ತರೆ ಮಳೆ ಈಗಷ್ಟೇ ಹಿಡಿದಿದೆ. ಹಸ್ತ, ಚಿತ್ತೆ ಇನ್ನೂ ಮುಂದಿವೆ, ನಮ್ಮ ಜಿಲ್ಲೆಗೆ ಜೋರು ಮಳೆ ಬೀಳುವುದೇ ಆಗ.

ನನಗೆ ಸಿಟ್ಟು ಬಂದಿದೆ. ಆದರೆ ಚೀಲ ಇಟ್ಟವರ ಸಂಕಟವೂ ಗೊತ್ತು. ಮಂಡ್ಯ, ಮದ್ದೂರಿನವರಿಗೆ ಇರುವಂತೆ ನಾಗಮಂಗಲದ ಈ ಮೂಲೆಗೆ ವಿಶ್ವೇಶ್ವರಯ್ಯ ನಾಲೆ ಇಲ್ಲ. ಕೊಳವೆಬಾವಿ ಬತ್ತಿಸಿಕೊಂಡವನ ಕಣ್ಣೆದುರೇ ಕೋಡಿ ನೀರು ಹರಿದುಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೂ ಈ ಕಟ್ಟೆ ನೀರು ಕೂಡಿಡುವ ಕೆರೆಯಲ್ಲ. ಹಳ್ಳ ಉಕ್ಕಿ ಕೆಳಗೇರಿಯ ಮನೆಗಳಿಗೆ ನುಗ್ಗಿ, ರಾಗಿ ಮೂಟೆಗಳು ನೆನೆದು ಮೊಳಕೆಯೊಡೆದ ವರ್ಷದ ನಂತರ ಕಟ್ಟಿದ್ದು. ಒಂದು ಗಂಟೆಯಲ್ಲಿ ನುಗ್ಗಿ ಬಂದ ನೀರನ್ನು ತಡೆದು, ರಾತ್ರಿಯಿಡೀ ತೂಬಿನಲ್ಲಿ ಸಣ್ಣಗೆ ಬಿಡುವುದು ಅದರ ಕೆಲಸ. ಅದಕ್ಕೆ ಕಟ್ಟೆ ಬರಿದಾಗಿರಬೇಕು. ಮೊದಲೇ ತುಂಬಿ ನಿಂತ ಕಟ್ಟೆಗೆ ಮೇಲಿನಿಂದ ಎಷ್ಟು ಬಂದರೂ ಅಷ್ಟೂ ಕೆಳಗೇರಿಗೇ ಇಳಿಯುತ್ತದೆ.

ಕೋಡಿಯ ವಿಷಯ ಇನ್ನೂ ಭಯಂಕರ. ನಮ್ಮ ಏರಿಯ, ಅಂದರೆ ಕಟ್ಟೆಯ ಮಣ್ಣಿನ ದಿಬ್ಬದ, ತಲೆಗೂ ಕೋಡಿಗೂ ಇರುವ ಅಂತರ ಬರೀ 3 ಅಡಿ. ಚೀಲಗಳು ಅದರಲ್ಲಿ 2 ಅಡಿ ನುಂಗಿವೆ. ಕನ್ನಂಬಾಡಿ ಕಟ್ಟೆ ಕಲ್ಲು, ಸುರ್ಕಿ ಗಾರೆಯದು, 124.80 ಅಡಿ ತುಂಬುತ್ತಾ ಬಂದರೆ ಗೇಟು ಎತ್ತಲು ಸಿಬ್ಬಂದಿ ಇದ್ದಾರೆ. ನಮ್ಮದಕ್ಕೆ ಗೇಟೂ ಇಲ್ಲ, ಕಾಯುವವರೂ ಇಲ್ಲ. ನೀರು ಮಣ್ಣಿನ ಏರಿಯ ತಲೆ ಹತ್ತಿ ಹರಿದರೆ ಹಿಂಬದಿಯ ಮಣ್ಣನ್ನು ಕೊರೆಯುತ್ತದೆ, ಕೊರೆದ ಜಾಗಕ್ಕೇ ಮತ್ತಷ್ಟು ನೀರು ನುಗ್ಗುತ್ತದೆ. ಆಮೇಲೆ ಯಾರೂ ಏನೂ ಮಾಡಲಾಗದು. 2022ರ ಮಳೆಯಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ತುಂಬಿ ಕೋಡಿ ಬಿದ್ದಾಗ ಏರಿಗಳ ಗತಿ ಏನಾಯಿತೆಂದು ನಾವೇ ನೋಡಿದ್ದೇವೆ.

ಹಿಂದೆ ಏರಿ, ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದ. ಏರಿಯ ಮೇಲೆ ಜಾಲಿ ಮೊಳೆತರೆ ಬೆರಳು ಗಾತ್ರವಿದ್ದಾಗಲೇ ಕೀಳುತ್ತಿದ್ದ, ಏಕೆಂದರೆ ಬಲಿತ ಬೇರು ಮುಂದೆ ಸತ್ತು ಕೊಳೆತರೆ ಏರಿಯೊಳಗೆ ನೀರಿಗೆ ದಾರಿಯಾಗುತ್ತದೆ. ಏಡಿ ಬಿಲ, ಹೆಗ್ಗಣದ ಬಿಲಗಳಿಗೆ ಜೇಡಿಮಣ್ಣು ಬಡಿಯುತ್ತಿದ್ದ. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಕಣ್ಣಿಟ್ಟಿರು, ಕೆಂಪಗೆ ಬಂದರೆ ಊರನ್ನು ಎಬ್ಬಿಸು ಎನ್ನುತ್ತಿದ್ದರು ನಮ್ಮ ಅಜ್ಜ. ಕೆಂಪು ನೀರೆಂದರೆ ಒಳಗಿನ ಮಣ್ಣೇ ಕರಗಿ ಹೊರಟಿದೆ ಎಂದರ್ಥ. ಇಂದು ಏರಿಯ ಮೇಲೆ ನನ್ನ ತೋಳಿನ ಗಾತ್ರದ ಜಾಲಿಗಳಿವೆ.

ಬೇಸಿಗೆಗೆ ನೀರು ಬೇಕೇ? ಕೆಳಗಿನ ಕೆರೆಯ ಹೂಳು ತೆಗೆಸೋಣ. ಪಂಚಾಯಿತಿಗೆ ಅರ್ಜಿ ನಾನೇ ಬರೆಯುತ್ತೇನೆ, ಚೀಲ ಇಟ್ಟವರ ಸಹಿಯೇ ಮೊದಲು ಇರಲಿ.

ನಾಳೆ ಬೆಳಿಗ್ಗೆ ಆರು ಗಂಟೆಗೆ ಕೋಡಿಯ ಬಳಿ ಇರುತ್ತೇನೆ. ನೆನೆದ ಚೀಲಗಳು ಬಹಳ ಭಾರ, ಒಬ್ಬನಿಂದ ಏಳುವುದಿಲ್ಲ. ನಾಲ್ಕು ಜನ ಬನ್ನಿ, ಒಂದು ಹಾರೆ ತನ್ನಿ.