ಒಕ್ಕಣ್ಣ ಕಾರು

ಕೊರಟಗೆರೆ ದಾಟಿ ಮಧುಗಿರಿ ಕಡೆ ಹೊರಟಾಗ ರಾತ್ರಿ ಒಂಬತ್ತಾಗಿತ್ತು. ಎದುರಿಂದ ಬರುವ ಗಾಡಿಗಳೆಲ್ಲ ಯಾಕೋ ನನ್ನ ಮೇಲೇ ಬರುತ್ತಿದ್ದವು. ಒಂದು ಟೆಂಪೊ ಅಂತೂ ಕನ್ನಡಿಗೆ ಗೇಣು ಜಾಗ ಬಿಟ್ಟು ಹೋಯಿತು. ಇವರಿಗೆಲ್ಲ ಲೈಸೆನ್ಸ್ ಕೊಟ್ಟವರು ಯಾರಪ್ಪ ಅಂತ ಬೈದುಕೊಂಡೇ ಟೀ ಅಂಗಡಿ ಮುಂದೆ ನಿಲ್ಲಿಸಿದೆ. ಬೆಂಚಿನ ಮೇಲಿದ್ದ ಅಜ್ಜ ಬೀಡಿ ಕೆಳಗಿಳಿಸಿ, "ಬೈಕು ಬತ್ತೈತೆ ಅಂದ್ಕಂಡೆ ಸ್ವಾಮಿ, ನೋಡಿದ್ರೆ ಕಾರು!" ಅಂದರು.

ಇಳಿದು ನೋಡಿದೆ. ಬಲಗಡೆ ಹೆಡ್‌ಲೈಟ್ ಸತ್ತಿತ್ತು. ಎಡಗಡೆಯದು ಸತ್ತಿದ್ದರೂ ಒಂದು ರೀತಿ. ಎಡಕ್ಕೆ ಓಡಿಸುವ ನಮ್ಮ ದೇಶದಲ್ಲಿ ಎದುರಿನವನಿಗೆ ಹತ್ತಿರವಾಗುವುದು ನಮ್ಮ ಬಲಗಡೆಯ ದೀಪ. ಅದಿಲ್ಲದಿದ್ದರೆ ಅವನ ಲೆಕ್ಕದಲ್ಲಿ ನಾನು ರಸ್ತೆ ಅಂಚು ಹಿಡಿದು ಹೋಗುವ ಪಾಪದ ಬೈಕು. ಜಾಗ ಬೇಕಾದಷ್ಟಿದೆ ಅಂತ ನುಗ್ಗುತ್ತಾನೆ. ಅರ್ಧ ಕಾರು ಅವನ ಪಾಲಿಗೆ ಇಲ್ಲವೇ ಇಲ್ಲ. ನಾನು ಕೂತಿರುವುದು ಆ ಇಲ್ಲದ ಅರ್ಧದಲ್ಲೇ!

ಬ್ರೈಟ್ ಹಾಕಿ ನೋಡಿದರೆ ಎರಡೂ ಉರಿದವು. ಹಳೇ ಹ್ಯಾಲೋಜನ್ ಬಲ್ಬಿನೊಳಗೆ ತಂತಿ ಎರಡು, ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55. ಸುಟ್ಟಿದ್ದು ಡಿಮ್ಮಿನ ತಂತಿ ಮಾತ್ರ. ಈಗ ಏನು ಮಾಡುವುದು ಹೇಳಿ? ಮರ್ಯಾದಸ್ಥನಾಗಿ ಡಿಮ್ ಹಾಕಿದರೆ ನಾನು ಬೈಕು. ಕಾರು ಅನ್ನಿಸಿಕೊಳ್ಳಬೇಕಾದರೆ ಬ್ರೈಟ್ ಹಾಕಿ ಎಲ್ಲರ ಕಣ್ಣು ಕುಕ್ಕಬೇಕು. ಅರವತ್ತರಲ್ಲಿ ಹೋಗುವ ಗಾಡಿ ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಕಣ್ಣು ಕತ್ತಲಿಟ್ಟರೆ 50 ಮೀಟರ್ ದೇವರ ಮೇಲೆ ಭಾರ. ನಮ್ಮ ಕಡೆ ಆ 50 ಮೀಟರಿನಲ್ಲಿ ಏನೆಲ್ಲ ಇರಬಹುದು! ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್, ಒಕ್ಕಣೆಗೆ ಹರಡಿದ ಹುರುಳಿ, ಅದರ ಕಾವಲಿಗೆ ಇಟ್ಟ ದಪ್ಪ ಕಲ್ಲು. ಅದೃಷ್ಟ ಜಾಸ್ತಿಯಿದ್ದರೆ ಬೆಟ್ಟದಿಂದ ಇಳಿದ ಕರಡಿ.

ಕೊನೆಗೆ ಒಂದು ಸರ್ಕಾರಿ ಬಸ್ಸಿನ ಹಿಂದೆ, ಸಾಕಷ್ಟು ದೂರ ಬಿಟ್ಟು, ಮದುವೆ ದಿಬ್ಬಣದ ಹಾಗೆ ಮೆಲ್ಲಗೆ ಊರು ಸೇರಿದೆ.

ಮಾರನೇ ದಿನ ಎಲೆಕ್ಟ್ರಿಷಿಯನ್ ಹುಡುಗ, "ಎಲ್‌ಇಡಿ ಹಾಕ್ಬಿಡ್ಲಾ ಸಾರ್? ಹಗಲು ಇದ್ದಂಗೆ ಇರುತ್ತೆ" ಅಂದ. ಹಗಲು ನನಗೆ ತಾನೆ? ಹ್ಯಾಲೋಜನ್ ತಂತಿಗೆಂದು ಮಾಡಿದ ಬಟ್ಟಲಿಗೆ ಎಲ್‌ಇಡಿ ತುರುಕಿದರೆ ಬೆಳಕು ಅಡ್ಡಾದಿಡ್ಡಿ ಚೆಲ್ಲಿ ಎದುರಿನವನ ಮುಖಕ್ಕೆ ಬೀಳುತ್ತದೆ. ಬೇಡ ಅಂದೆ. ಹಳೇ ಥರದ್ದನ್ನೇ ಬಟ್ಟೆಯಲ್ಲಿ ಹಿಡಿದು ಹಾಕಿದ. ಬರಿ ಬೆರಳು ತಾಗಿದರೆ ಜಿಡ್ಡು ಕೂತು, ಕಾದಾಗ ಗಾಜು ಅಲ್ಲೇ ಕೆಡುತ್ತದಂತೆ.

ಅಂದು ರಾತ್ರಿ ಎರಡೂ ಕಣ್ಣು ಬಿಟ್ಟುಕೊಂಡು ತುಮಕೂರಿಗೆ ವಾಪಸ್ ಬರುವಾಗ ಎದುರಿಗೆ ಒಂಟಿ ದೀಪ ಕಂಡಿತು. ಬೈಕೋ, ಕಾರೋ? ಡಿಮ್ ಮಾಡಿ, ವೇಗ ಇಳಿಸಿ, ಎಡಗಡೆ ಚಕ್ರ ಮಣ್ಣಿಗಿಳಿಸಿದೆ. ಬೈಕೇ. ಮೂರು ಜನ ಕೂತಿದ್ದರು. ಇಷ್ಟು ಜಾಗ ಯಾರಿಗಪ್ಪ ಅನ್ನುವ ಹಾಗೆ ಹಿಂದಿನವನು ತಿರುಗಿ ತಿರುಗಿ ನನ್ನನ್ನೇ ನೋಡಿಕೊಂಡು ಹೋದ.